ರೇಂಜು

ಹವಾಲ್ದಾರ ಆಗಿ ಹೊರಬಿದ್ದವನಿಗೆ
ಉಮದಿಯ ಚಹಾದಂಗಡ್ಯಾಗ ಮೇಜರ್ ಅಂತಾರ.
ಬಡ್ತಿ ಕೊಟ್ಟವ ಸೋಡಾ ಮಾರೋ ಹಾಜಿಮಲಂಗ.
ಪಗಾರಿಲ್ಲ, ಪಟ್ಟಿಯಿಲ್ಲ,
ಅರ್ಧಾ ಕಪ್ಪು ಚಹಾ ಪುಗಸಟ್ಟೆ.

ಹದಿನೇಳು ವರ್ಷ, ಒಂದು ತಿಂಗಳು.
ಕರೀ ಟ್ರಂಕು ಈಗ ಕಾಟಿನ ಕೆಳಗ.
ಅದರ ಮ್ಯಾಲಿನ ಬಿಳೀ ನಂಬರು
ಮಗಳು ತನುಜಾ ಬಾಯಿಪಾಠ ಮಾಡ್ಯಾಳ.
ಅಪ್ಪಗ ಏನು ಸೇರತೈತಿ ಅಂತ ಕೇಳಿದರ
ಅವ್ವನ ಮಾರಿ ನೋಡತಾಳ.

ನಾಕೂವರೆಗೆ ಎಚ್ಚರ. ಯಾರೂ ಸೀಟಿ ಊದಿಲ್ಲ.
ಗಡ್ಡ ಕೆರಕೋತೀನಿ, ಬೂಟಿಗೆ ಪಾಲಿಶ್ ಹಚ್ಚತೀನಿ,
ಆಮ್ಯಾಲ ಚಪ್ಪಲಿ ಮೆಟಗೊಂಡು
ಅಂಗಳದಾಗ ನಿಂದರತೀನಿ.

ಕೌದಿಯ ನಾಕೂ ಮೂಲಿ ಕೂಡಿಸಿ ಮಡಚಿಟ್ಟರ
ಮಹಾನಂದಾ ಬಂದು ಬಿಚ್ಚಿ
ತನ್ನ ಪರಿ ಮತ್ತ ಮಡಚತಾಳ.
ಸಿಟ್ಟಿಲ್ಲ. ಮಾತೂ ಇಲ್ಲ.

ದಾಳಿಂಬಿಗೆ ನೀರು ಬಿಡಾಕ ಹೋದೆ.
ಹಸರ ಗುಂಡಿ ಒತ್ತಿ, ಹಿಡದು, ಐದು ಎಣಿಸಿ ಬಿಡಬೇಕಂತ.
ನಾ ಮೂರಕ್ಕ ಬಿಟ್ಟೆ.
"ಸರೀರಿ," ಅಂದಳು.
ಇಷ್ಟು ಸಣ್ಣ ಆರ್ಡರು ಎಲ್ಲೂ ಕೇಳಿರಲಿಲ್ಲ.
ಸರದೆ.

ತಲಾಠಿ ಹುಡುಗ ಮರಾಠಿಯಾಗ ಹೆಸರು ಕೇಳಿದ.
ಜೀ ಸಾಬ್, ಅಂದೆ.
ಹಿಂದಿದ್ದ ಮಂದಿ ನಕ್ಕರು, ನಾನೂ ನಕ್ಕೆ,
ಕೂಡಿದ ಹಿಮ್ಮಡ ಮಾತ್ರ ಬಿಡಲಿಲ್ಲ.
ಸೋಲಾಪುರದ ಬ್ಯಾಂಕಿಗೆ ಕಾವಲುಗಾರ ಬೇಕಂತ.
ಫಾರ್ಮಿನಾಗ ಒಂದು ಖಾನೆ: ಬೇರೆ ಏನು ಬರುತ್ತದೆ?
ಅದು ಇನ್ನೂ ಖಾಲಿ ಐತಿ.

ಚಡಚಣಕ್ಕ ಹೋಗೋ ಬಸ್ಸಿನಾಗ ಒಮ್ಮೆ
ಗಡಿ ಬಂದಾಗ ಹೇಳ್ರಿ ಅಂದೆ.
ಬಾಜೂಕ ಕೂತ ಮುದುಕಿ,
"ದಾಟಿ ಆತಲ್ಲೋ ತಮ್ಮಾ,
ಡಾಂಬರದ ಬಣ್ಣ ಬದಲಾತು, ನೋಡಲಿಲ್ಲೇನು?"
ನೋಡಿರಲಿಲ್ಲ.
ಆಕಿ ಮಡಿಲಾಗಿನ ಹೋತಮರಿ
ನನ್ನ ತೋಳು ಮೂಸತಿತ್ತು.

ಮೂವತ್ತು ಮಂದಿಯ ಗೊರಕಿಯಾಗ ನಿದ್ದಿ ಬರತಿತ್ತು.
ಇಲ್ಲಿ ಒಬ್ಬಳ ಉಸಿರು.
ಆಕಿ ಎಚ್ಚರ ಇದ್ದಾಳ, ನನಗ ಗೊತ್ತು.
ನಾ ಎಚ್ಚರ ಇದ್ದದ್ದು ಆಕಿಗೂ ಗೊತ್ತು.
ಎರಡೂ ಪೋಸ್ಟಿನವರು ಸುಮ್ಮ.

ಫೋನಿನಾಗ ನಾವು ಹಿಂಗಿರಲಿಲ್ಲ.
ಅಪ್ಪ ತೀರಿಕೊಂಡದ್ದು, ತನುಜಾಗ ಹಲ್ಲು ಬಂದದ್ದು,
ಬೋರಿಗೆ ಮುನ್ನೂರು ಫೂಟಿಗೆ ನೀರು ಬಿದ್ದದ್ದು,
ಎಲ್ಲಾ ನನಗ ಆಕಿ ದನಿಯಾಗ ಆಗ್ಯಾವ.
ಚಾರ್ಜ್ ಮುಗಿಯೂತನಕ ಮಾತಾಡತಿದ್ದಿವಿ.
ಈಗ ಎದುರಿಗೆ ಮಾರಿ ಐತಿ.
ಉಪ್ಪು ಬೇಕೇನು ಅಂತ ಕೇಳತೈತಿ.

ಹ್ವಾದ ಬೇಸ್ತವಾರ ಊಟಾ ಮುಗಿಸಿ
ಹೊಲದಾಗಿನ ಟಾಕಿ ಹತ್ತಿದೆ. ಹನ್ನೊಂದು ಮೆಟ್ಟಲು.
ಅಲ್ಲಿ ರೇಂಜ್ ಚಲೋ ಬರತೈತಿ.
ಹಚ್ಚಿದೆ.
ಮನ್ಯಾಗ ಫೋನು ಬಡಕೊಂಡದ್ದು ಇಲ್ಲಿಗೇ ಕೇಳಿತು.

ಎಲ್ಲಿದ್ದೀರಿ ಅಂತ ಕೇಳಲಿಲ್ಲ ಆಕಿ.
"ಊಟಾ ಆತೇನ್ರಿ?"
ಆಕಿ ಬಡದ ರೊಟ್ಟಿ ತಿಂದು
ಇನ್ನೂ ತಾಸು ಆಗಿರಲಿಲ್ಲ.
"ಆತು. ನಿಂದು?"
"ಆತು. ಥಂಡಿ ಐತೇನು ಅಲ್ಲಿ?"
"ಸ್ವಲ್ಪ. ಗಾಳಿ ಬೀಸಾಕತ್ತೇತಿ."
"ಕಿವೀಗೆ ಟಾವೆಲ್ ಸುತ್ತಕೊಳ್ರಿ."

ಆಮ್ಯಾಲ ಹೇಳಿದಳು:
ಸಾಂಗೋಲಾದ ವ್ಯಾಪಾರಿ ತೂಕದಾಗ ಹೊಡದದ್ದು,
ತನುಜಾ ಗಣಿತದಾಗ ಬಿದ್ದದ್ದು,
ಮೂರನೇ ವರ್ಷ ಬಿಲ್ವಾರ ಒತ್ತಿ ಇಟ್ಟು
ಬಿಡಿಸಿಕೊಂಡ ಮ್ಯಾಲೂ ನನಗ ಹೇಳದೇ ಇದ್ದದ್ದು.
ನಾನೂ ಒಂದು ಹೇಳಿದೆ.
ಅದನ್ನ ಇಲ್ಲಿ ಬರಿಯಂಗಿಲ್ಲ.
ಆಕಿ ಬಾಳ ಹೊತ್ತು ಹೂಂ ಅನ್ನಲಿಲ್ಲ.
ಫೋನೂ ಇಡಲಿಲ್ಲ.

ಕಡೀಕ, ಪ್ರತಿ ಸಲ ಕೇಳತಿದ್ದದ್ದೇ ಕೇಳಿದಳು:
"ರಜಾ ಯಾವಾಗ ಸಿಗತೈತ್ರಿ?"

ಕೆಳಗ ಮೆಟ್ಟಲು ನೋಡಿದೆ.
"ಅರ್ಜಿ ಹಾಕೀನಿ," ಅಂದೆ.
"ಸಾಹೇಬರು ಏನಂತಾರ ನೋಡಬೇಕು."

ಆಕಿ ನಕ್ಕದ್ದು
ಕಿಡಕಿಯಿಂದ ಮೊದಲು ಬಂತು,
ಫೋನಿನಾಗ
ತುಸು ತಡಾಗಿ.